ಐದು ಕಾಲಿನ ಸ್ಟ್ಯಾಂಡು

ಶೆಟ್ಟಿಕೊಪ್ಪದ ಆ ಮದುವೆಯ ದಿನ ಅಣ್ಣನ ಎಡಗೈ ಚೆನ್ನಾಗಿತ್ತು. ಹಾಗಾಗಿಯೇ ಆ ದಿನ ನನಗೆ ಸರಿಯಾಗಿ ನೆನಪಿಲ್ಲ. ಹೆದರಿಕೆಯಲ್ಲಿ ಕಳೆದ ದಿನಗಳ ಒಂದೊಂದು ಗಳಿಗೆಯೂ ಎದುರಿಗೆ ಬಂದು ನಿಲ್ಲುತ್ತದೆ. ನೆಮ್ಮದಿಯಾಗಿ ಕಳೆದ ಆ ಒಂದು ದಿನವನ್ನು ಮಾತ್ರ ಹುಡುಕಿ ಹುಡುಕಿ ಜೋಡಿಸಿಕೊಳ್ಳಬೇಕಾಗಿದೆ.

ನಮ್ಮದು ಕೊಪ್ಪದ ಐದು ಜನರ ಬ್ಯಾಂಡ್ ಸೆಟ್. ಅಣ್ಣ ಟ್ರಂಪೆಟ್ ಊದುತ್ತಿದ್ದ. ಜನ ಅದನ್ನು ತುತ್ತೂರಿ ಎಂದೇ ಕರೆಯುವುದು. ನಾನು ಸೈಡ್ ಡ್ರಮ್. ಮದುವೆ, ಗೃಹಪ್ರವೇಶ, ಗಣಪತಿ ಬಿಡುವುದು, ಚರ್ಚಿನ ಹಬ್ಬ ಎಲ್ಲದಕ್ಕೂ ಹೋಗುತ್ತಿದ್ದೆವು. ಉಳಿದ ದಿನಗಳಲ್ಲಿ ಅಣ್ಣ ತಾನಿದ್ದ ಎನ್.ಆರ್.ಪುರದ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ, ನಾನು ಕೊಪ್ಪದಲ್ಲಿ ಗೂಡ್ಸ್ ಆಟೊ ಓಡಿಸುತ್ತಿದ್ದೆ. ಈಗಲೂ ಓಡಿಸುತ್ತೇನೆ.

ಶೆಟ್ಟಿಕೊಪ್ಪದ ಮನೆಯ ಎದುರು ಚಪ್ಪರ ಹಾಕಿದ್ದರು. ದಿಬ್ಬಣ ಬರುವುದು ತಡವಾಗಿತ್ತು. ಅಣ್ಣ ಸಮನಾದ ಜಾಗ ನೋಡಿ ಸ್ಟ್ಯಾಂಡ್ ಬಿಡಿಸಿಟ್ಟ. ಅದರ ಮೇಲೆ ತುತ್ತೂರಿ, ಅಗಲ ಬಾಯಿ ಕೆಳಗಾಗಿ ನಿಂತಿತು. ಮನೆಯ ಅಜ್ಜಿಯೊಬ್ಬರು ಕೋಲೂರಿಕೊಂಡು ಬಂದು ಅದರ ಸುತ್ತ ಒಂದು ಸುತ್ತು ಹಾಕಿದರು.

"ಎಂತದಾ ಇದು? ಕೊಡೆ ತಲೆಕೆಳಗೆ ನಿಂತ ಹಂಗಿದೆ."

"ತುತ್ತೂರಿಗೆ ಕಾಲು ನೋವು ಅಜ್ಜಮ್ಮ. ಅದಕ್ಕೆ ಬೇರೆ ಕಾಲು ಹಾಕ್ಸಿದೀನಿ" ಎಂದ ಅಣ್ಣ.

"ಹೌದನಾ? ಹಂಗಾರೆ ನಂಗೂ ಒಂದು ಜೊತೆ ತರ್ಸಿ ಕೊಡು ಮಾರಾಯ. ಮಂಡಿ ಮಡಚಕ್ಕೆ ಬರದಿಲ್ಲ."

"ನಿಮಗೆ ಐದು ಕಾಲು ಹಾಕಿದ್ರೆ ಹಿಡಿಯೋರು ಯಾರು?"

ಅಜ್ಜಿ ನಕ್ಕು ನಕ್ಕು ಕೋಲನ್ನು ಅಣ್ಣನ ಕಡೆ ಬೀಸಿದರು. ಅಣ್ಣ ಎಡಗೈ ಎತ್ತಿ ಅದನ್ನು ತಡೆದ. ನಾನು ಕೋಲನ್ನೂ ನೋಡಲಿಲ್ಲ, ಅಜ್ಜಿಯನ್ನೂ ನೋಡಲಿಲ್ಲ. ಆ ಕೈ ಮೇಲೆದ್ದುದನ್ನು ಮಾತ್ರ ನೋಡಿದೆ. ಊಟಕ್ಕೆ ಕೂತಾಗ ನೀರಿನ ಲೋಟವನ್ನೂ ಎಡಗೈಯಲ್ಲೇ ಎತ್ತಿದ. ನಾನು ನೋಡುತ್ತಿದ್ದುದು ಗೊತ್ತಾಗಿ, "ಎಂತಾ ಹಂಗೆ ನೋಡ್ತೀಯ? ಲೋಟ ಬೇಕಾ ನಿಂಗೆ?" ಎಂದ. ನಾನು ತಲೆ ತಗ್ಗಿಸಿ ಸಾರನ್ನ ಕಲಸಿಕೊಂಡೆ. ವಾಪಸ್ ಬರುವಾಗ ವ್ಯಾನಿನಲ್ಲಿ ನಿದ್ದೆ ಮಾಡಿದೆ. ಮೂರು ತಿಂಗಳಲ್ಲಿ ವ್ಯಾನಿನಲ್ಲಿ ನಾನು ನಿದ್ದೆ ಮಾಡಿದ್ದು ಅದೊಂದೇ ಸಲ. ಇಳಿಯುವಾಗ ಅಣ್ಣ, "ನಾಳೆ ಶೃಂಗೇರಿ ಕಡೆ. ಬೇಗ ಏಳು" ಎಂದ.

ಅದಕ್ಕೆ ಮೂರು ತಿಂಗಳ ಹಿಂದೆ ಕಡಹಿನಬೈಲಿನ ಒಂದು ಗೃಹಪ್ರವೇಶದಲ್ಲಿ ಅಣ್ಣನ ಕೈಯಿಂದ ತುತ್ತೂರಿ ಜಾರಿ ಬಿದ್ದಿತ್ತು. ಅಣ್ಣ ಊದಲು ಕಲಿತದ್ದು ಎನ್.ಆರ್.ಪುರದ ಚರ್ಚಿನ ಬ್ಯಾಂಡಿನಲ್ಲಿದ್ದ ಒಬ್ಬ ಮುದುಕರ ಹತ್ತಿರ. ಅವರು ಮೊದಲು ಕಲಿಸಿದ್ದು ಊದುವುದನ್ನಲ್ಲ, ಹಿಡಿಯುವುದನ್ನು. ಎಡಗೈ ಹಿಡಿಯಬೇಕು, ಬಲಗೈ ಬೆರಳು ಬರೀ ಗುಂಡಿ ಒತ್ತಬೇಕು; ಬಲಗೈ ಮೇಲೆ ಭಾರ ಬಿಟ್ಟವನು ಯಾವತ್ತೂ ಊದುಗಾರ ಆಗುವುದಿಲ್ಲ ಎನ್ನುತ್ತಿದ್ದರಂತೆ. ಮೂವತ್ತು ವರ್ಷ ಹಾಗೆ ಹಿಡಿದ ಕೈಯಿಂದ ಅದು ಬಿತ್ತು. ತುತ್ತೂರಿಯ ಬಾಯಿಯ ಅಂಚು ಒಂದು ಕಡೆ ತಗ್ಗಾಯಿತು. ಬೆವರಿಗೆ ಜಾರಿತು ಎಂದು ಎಲ್ಲರೂ ಅಂದುಕೊಂಡರು.

ವ್ಯಾನಿನಲ್ಲಿ ನನ್ನ ಪಕ್ಕ ಕೂತು ಅಣ್ಣ ಮೆಲ್ಲಗೆ ಹೇಳಿದ: "ಕೈ ಇತ್ತು ಕಣಾ. ಆದ್ರೆ ಇಲ್ಲದ ಹಂಗಿತ್ತು."

"ಜೋಮು ಹಿಡಿದಿರ್ಬೇಕು" ಎಂದೆ ನಾನು.

"ಜೋಮೇ ಇರ್ಬೇಕು" ಎಂದ ಅವನು.

ಅದಕ್ಕೆ ಆ ಹೆಸರಿಟ್ಟವನು ನಾನು. ಆಮೇಲೆ ನಾವಿಬ್ಬರೂ ಅದನ್ನು ಹಾಗೆಯೇ ಕರೆದೆವು. ಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಏಳುವಾಗ ಯಾರಿಗಾದರೂ ಬರುವಂಥದು. ಕಾಲು ಝಾಡಿಸಿದರೆ ಹೋಗುವಂಥದು. ಅಣ್ಣನಿಗೂ ಐದು ನಿಮಿಷದಲ್ಲಿ ಹೋಗುತ್ತಿತ್ತು. ಹೋದ ಮೇಲೆ ಅವನು ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಗೇಟು ಎತ್ತುತ್ತಿದ್ದ. ಹೀಗಿರುವಾಗ ಅದು ಬೇರೆ ಏನಾದರೂ ಇರಬಹುದು ಎಂದು ಹೇಗೆ ಅಂದುಕೊಳ್ಳುವುದು? ಆದರೆ ನಾನು ಅಂದುಕೊಂಡಿದ್ದೆ. ಮೊದಲ ದಿನವೇ ಅಂದುಕೊಂಡಿದ್ದೆ. ಅಂದುಕೊಂಡದ್ದನ್ನು ಬಾಯಿಬಿಟ್ಟು ಹೇಳಲಿಲ್ಲ.

ಎರಡನೇ ಸಲ ಜೋಮು ಬಂದ ಮೇಲೆ ನಾನು ಫೋನಿನಲ್ಲಿ ಹುಡುಕಿ ಆ ಸ್ಟ್ಯಾಂಡ್ ತರಿಸಿದೆ. ಕೊಪ್ಪದ ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಗೆ ಕೊರಿಯರ್ ಬಂತು. ಒಂದು ಗೇಣು ಉದ್ದದ ಕಪ್ಪು ಗೂಟ. ಬುಡದ ತಿರುಪು ಸಡಿಲಿಸಿದರೆ ಅದರ ಹೊಟ್ಟೆಯೊಳಗಿಂದ ಐದು ಕಾಲುಗಳು ಹೊರಬರುತ್ತವೆ, ತುದಿಗೆ ರಬ್ಬರಿನ ಟೊಪ್ಪಿ. ಕಾಲುಗಳನ್ನು ಪೂರ್ತಿ ಅಗಲಿಸಿದಾಗ ಟಕ್ ಎಂದು ಒಂದು ಸದ್ದು ಬರುತ್ತದೆ. ಆ ಸದ್ದು ಬಂದರೆ ಮಾತ್ರ ಅದು ಗಟ್ಟಿ ನಿಂತಿದೆ ಎಂದು ಅರ್ಥ. ಗೂಟವನ್ನು ತುತ್ತೂರಿಯ ಬಾಯೊಳಗೆ ತೂರಿಸಿ ನಿಲ್ಲಿಸುವುದು. ಕೆಲಸ ಮುಗಿದ ಮೇಲೆ ಮಡಚಿ ಅದೇ ಬಾಯೊಳಗೆ ಇಟ್ಟುಬಿಟ್ಟರೆ ಪೆಟ್ಟಿಗೆಯಲ್ಲಿ ಬೇರೆ ಜಾಗವೂ ಬೇಡ.

ಬ್ಯಾಂಡಿನ ಉಳಿದವರಿಗೆ ನಾವು ಬೇರೆ ಕಾರಣ ಹೇಳಿದೆವು. ಹಿಂದಿನ ವರ್ಷ ಒಂದು ಮದುವೆಯಲ್ಲಿ ಕುರ್ಚಿಯ ಮೇಲೆ ಇಟ್ಟಿದ್ದ ತುತ್ತೂರಿಯ ಮೇಲೆ ಒಬ್ಬರು ಕೂತೇಬಿಟ್ಟಿದ್ದರು. ಇನ್ನು ಹಾಗಾಗಬಾರದು ಎಂದೆವು. ಅದು ಸುಳ್ಳೇನೂ ಅಲ್ಲ. ಡೋಲಿನವನು ಸ್ಟ್ಯಾಂಡನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದ.

"ತುತ್ತೂರಿಗೆ ಸಿಂಹಾಸನ ಬಂತು. ನನ್ನ ಡೋಲಿಗೆ ಒಂದು ಗೋಣಿಚೀಲನೂ ಇಲ್ಲ."

"ನಿನ್ನ ಡೋಲು ನಿನ್ನ ಹೊಟ್ಟೆ ಮೇಲೇ ಕೂರುತ್ತಲ್ಲ. ಅದಕ್ಕಿಂತ ದೊಡ್ಡ ಸ್ಟ್ಯಾಂಡ್ ಎಲ್ಲಿ ಸಿಗ್ತದೆ ಮಾರಾಯ?" ಎಂದ ಅಣ್ಣ.

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುವಾಗಲೂ ಅಣ್ಣನ ಎಡಗೈ ಎಲ್ಲಿದೆ ಎಂದು ನೋಡಿದೆ.

ನಿಜವಾದ ಕಾರಣ ಧಾರೆಯ ಹೊತ್ತಿನದು. ವಾಲಗದವರನ್ನು ಕರೆಸದ ಮದುವೆಗಳಲ್ಲಿ ಮುಹೂರ್ತಕ್ಕೂ ನಾವೇ ಬಾರಿಸಬೇಕು. ಭಟ್ಟರು ಮಂತ್ರ ಹೇಳುತ್ತಾ ಹೇಳುತ್ತಾ ಇದ್ದಕ್ಕಿದ್ದಂತೆ ಕೈಯೆತ್ತಿ "ವಾದ್ಯ! ವಾದ್ಯ!" ಎನ್ನುತ್ತಾರೆ. ಆ ಗಳಿಗೆಯಲ್ಲಿ ಯಾರದೋ ಸೀನು, ಯಾರದೋ ಕೆಟ್ಟ ಮಾತು ಮದುಮಕ್ಕಳ ಕಿವಿಗೆ ಬೀಳಬಾರದು. ಎಲ್ಲವೂ ವಾದ್ಯದ ಸದ್ದಿನಲ್ಲಿ ಮುಚ್ಚಿಹೋಗಬೇಕು. ಒಂದು ಉಸಿರಿನಷ್ಟೂ ತಡವಾಗಬಾರದು. ಆದರೆ ಆ ಕೈ ಯಾವಾಗ ಏಳುತ್ತದೆಂದು ಯಾರಿಗೂ ಗೊತ್ತಿರುವುದಿಲ್ಲ. ಕೆಲವು ಸಲ ಐದು ನಿಮಿಷ, ಕೆಲವು ಸಲ ಅರ್ಧ ಗಂಟೆ. ಅಷ್ಟು ಹೊತ್ತೂ ತುತ್ತೂರಿಯನ್ನು ಎದೆಯ ಹತ್ತಿರ ಹಿಡಿದು ಕಾಯಬೇಕು. ಹಿಡಿದು ಕಾದರೆ ಜೋಮು ಬರುತ್ತದೆ ಎಂದು ನಾವು ತಿಳಿದಿದ್ದೆವು. ಸ್ಟ್ಯಾಂಡಿನ ಮೇಲಿದ್ದರೆ ಕೈಗೆ ವಿಶ್ರಾಂತಿ. ಭಟ್ಟರ ಕೈ ಎದ್ದ ಕೂಡಲೇ ಎತ್ತಿಕೊಂಡರಾಯಿತು.

ಅಣ್ಣನಿಗೆ ಇನ್ನೊಂದು ಅಭ್ಯಾಸವಿತ್ತು. ಬಾರಿಸಿ ಮುಗಿಸಿ ತುತ್ತೂರಿಯನ್ನು ಕೆಳಗಿಡುವಾಗಲೆಲ್ಲ ಊದುವ ತುದಿಯ ಮೌತ್‌ಪೀಸನ್ನು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಮದುವೆಮನೆಯಲ್ಲಿ ಇಟ್ಟ ತುತ್ತೂರಿಗೆ ಬಾಯಿ ಹಾಕಿ ನೋಡದ ನೆಂಟರಿಲ್ಲ. ಧಾರೆಗೆ ಕಾಯುವಾಗ ಮಾತ್ರ ಅದನ್ನು ಹಾಕಿಯೇ ಇಡುತ್ತಿದ್ದ.

"ಅತ್ತಿಗೆಗೆ ಹೇಳಾಣ ಅಣ್ಣ" ಎಂದು ಒಂದು ಸಲ ಕೇಳಿದ್ದೆ.

"ಬೇಡ. ಸೀಸನ್ ಮುಗೀಲಿ. ಶಿವಮೊಗ್ಗಕ್ಕೆ ಹೋಗಿ ತೋರಿಸ್ಕೊಂಡು ಬರಾಣ, ನೀನೂ ಬಾ."

"ಈಗ್ಲೇ ಹೋದ್ರೆ ಎಂತ ಆಗ್ತದೆ?"

"ಊದ್ಬೇಡ ಅಂತಾರೆ, ಅದೇ ಆಗದು. ಮಾತು ಕೊಟ್ಟ ಮದುವೆ ಇನ್ನೂ ಎಂಟಿದಾವೆ. ಧಾರೆಗೆ ವಾದ್ಯ ಇಲ್ಲ ಅಂದ್ರೆ ಆ ಹೆಣ್ಣಿನ ಮನೆಯೋರು ಯಾರ ಮುಖ ನೋಡ್ಬೇಕು? ನಿನ್ನ ಅತ್ತಿಗೆಗೆ ಗೊತ್ತಾದ್ರೆ ತುತ್ತೂರಿನೇ ಅಟ್ಟಕ್ಕೆ ಹಾಕ್ತಾಳೆ. ಹೇಳ್ಬೇಡ, ಮಾತು ಕೊಡು."

ಕೊಟ್ಟೆ.

ಆಮೇಲೆ ನಾನು ಬಾರಿಸುವುದೇ ಕೆಟ್ಟುಹೋಯಿತು. ಕಣ್ಣು ಭಟ್ಟರ ಮೇಲಿರಬೇಕು, ನನ್ನದು ಅಣ್ಣನ ಎಡಗೈ ಮೇಲೆ. ಅವನು ಆಗಾಗ ಎಡ ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜಿ ತೋರಿಸುತ್ತಿದ್ದ; ಕೈ ಸರಿಯಾಗಿದೆ, ಹೆದರಬೇಡ ಎಂದು ಅದರ ಅರ್ಥ. ಸ್ವಲ್ಪ ಹೊತ್ತು ಉಜ್ಜದಿದ್ದರೆ ನನ್ನ ಕಡ್ಡಿ ತಾಳ ತಪ್ಪುತ್ತಿತ್ತು. ಸ್ಟ್ಯಾಂಡ್ ಬಿಡಿಸುವಾಗ ಟಕ್ ಸದ್ದಿಗೆ ಕಿವಿಗೊಡುತ್ತಿದ್ದೆ. ಕೇಳಿಸದಿದ್ದರೆ ಹೋಗಿ ಬಗ್ಗಿ ಒಂದೊಂದು ಕಾಲನ್ನೂ ಮುಟ್ಟಿ ನೋಡುತ್ತಿದ್ದೆ. ಅದು ಬಿದ್ದರೆ ಎಲ್ಲವೂ ಬಿದ್ದಂತೆ ಎಂದು ಯಾಕೋ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಎಂಟು ಮದುವೆ ಏಳಾಯಿತು, ಆರಾಯಿತು. ಎಣಿಸುತ್ತಿದ್ದೆ. ಶೆಟ್ಟಿಕೊಪ್ಪದ್ದು ಮುಗಿದಾಗ ಉಳಿದದ್ದು ಎರಡು.

ಮಾರನೆಯ ದಿನ ಶೃಂಗೇರಿಯ ಆಚೆ ಮೆಣಸೆಯ ಹತ್ತಿರ ಒಂದು ಸಭಾಭವನದಲ್ಲಿ ಮದುವೆ. ಸೆಖೆ ಬಹಳವಿತ್ತು. ಕೆಂಪು ಕೋಟಿನ ಒಳಗೆ ಬೆನ್ನು ತೊಯ್ದುಹೋಗಿತ್ತು. ದಿಬ್ಬಣ ಎದುರುಗೊಳ್ಳುವಾಗ ಅಣ್ಣ ಚೆನ್ನಾಗಿ ಊದಿದ. ಮಂಟಪದ ಬಲಕ್ಕೆ ನಮಗೆ ಜಾಗ ಕೊಟ್ಟಿದ್ದರು. ಅಣ್ಣ ಸ್ಟ್ಯಾಂಡ್ ಬಿಡಿಸಿ ತುತ್ತೂರಿ ನಿಲ್ಲಿಸಿದ. ಫ್ಯಾನಿನ ಸದ್ದು, ಜನರ ಸದ್ದು. ಟಕ್ ಎಂದದ್ದು ನನಗೆ ಕೇಳಿಸಲಿಲ್ಲ. ಹೋಗಿ ನೋಡೋಣ ಎನ್ನುವಷ್ಟರಲ್ಲಿ ಅಂತರಪಟ ಹಿಡಿದರು. ನಾನು ಜಾಗ ಬಿಡಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ನೋಡಿದೆ, ಅಣ್ಣ ಹೆಬ್ಬೆರಳು ಉಜ್ಜುತ್ತಿಲ್ಲ. ಕೈ ತೊಡೆಯ ಪಕ್ಕ ಜೋತು ಬಿದ್ದಿತ್ತು. ಅವನು ಬಲಗೈಯಿಂದ ಅದನ್ನು ಎತ್ತಿ ಒಮ್ಮೆ ಕೊಡವಿದ. ನನ್ನ ಕಡೆ ನೋಡಿ, ಏನಿಲ್ಲ ಎನ್ನುವಂತೆ ತಲೆಯಾಡಿಸಿದ. ಐದು ನಿಮಿಷ, ಐದು ನಿಮಿಷ ಎಂದು ನಾನು ಮನಸ್ಸಿನಲ್ಲೇ ಹೇಳಿಕೊಂಡೆ. ಐದು ನಿಮಿಷ ಕಳೆಯಿತು. ಹತ್ತು ಕಳೆಯಿತು. ಆ ಹೊತ್ತಿನಲ್ಲಿ ಎದ್ದು ಅವನನ್ನು ಹೊರಗೆ ಕರೆದುಕೊಂಡು ಹೋಗಬಹುದಿತ್ತು. ಅಂಥ ಕೆಲಸ ಯಾವ ವಾದ್ಯದವನೂ ಮಾಡುವುದಿಲ್ಲ. ಧಾರೆಯ ಹೊತ್ತಿಗೆ ವಾದ್ಯ ಎದ್ದುಹೋಯಿತೆಂದರೆ ಆ ಹುಡುಗಿಗೆ ಮುಂದೆ ಏನೇ ಕಷ್ಟ ಬಂದರೂ ಜನ ಅದನ್ನೇ ಎತ್ತಿ ಆಡುತ್ತಾರೆ. ಅಣ್ಣನೂ ಏಳುತ್ತಿರಲಿಲ್ಲ. ಹೀಗೆಲ್ಲ ಈಗ ಬರೆಯುತ್ತಿದ್ದೇನೆ. ಆಗ ಇಷ್ಟೊಂದು ಯೋಚಿಸಿದ್ದು ಸುಳ್ಳು. ಆಗ ನಾನು ಭಟ್ಟರ ಕೈಯನ್ನು ನೋಡುತ್ತಿದ್ದೆ, ಅಷ್ಟೆ.

ಭಟ್ಟರ ಕೈ ಎದ್ದಿತು. "ವಾದ್ಯ!"

ಅಣ್ಣ ಬಲಗೈ ಚಾಚಿದ. ತುತ್ತೂರಿ ಎತ್ತಲು ಬಲಗೈಯನ್ನು ಅವನು ಯಾವತ್ತೂ ಚಾಚಿದವನಲ್ಲ. ನಾನು ಡ್ರಮ್ಮನ್ನು ಬೆನ್ನಿಗೆ ದೂಡಿ ಎರಡೇ ಹೆಜ್ಜೆಗೆ ಅವನ ಎಡಕ್ಕೆ ಹೋದೆ. ತುತ್ತೂರಿಯನ್ನು ಸ್ಟ್ಯಾಂಡಿನಿಂದ ಎತ್ತಿ, ಅವನ ಎಡಗೈ ಹಿಡಿಯುವ ಜಾಗದಲ್ಲಿ ನನ್ನ ಕೈ ಹಾಕಿ ಹಿಡಿದೆ. ಅವನು ತುಟಿ ಇಟ್ಟ, ಬಲಗೈ ಬೆರಳು ಗುಂಡಿಗಳ ಮೇಲೆ ಬಂತು, ಊದಿದ. ಡೋಲಿನವನು ಒಮ್ಮೆ ನಮ್ಮನ್ನು ನೋಡಿ ಕಣ್ಣು ಬಿಟ್ಟ. ಕೈ ಮಾತ್ರ ನಿಲ್ಲಿಸಲಿಲ್ಲ. ಒಂದು ಉಸಿರಿನಷ್ಟೂ ತಡವಾಗಲಿಲ್ಲ.

ಜನ ನಕ್ಕರು. "ಎಂತಾ ಸರ್ಕಸ್ ಮಾರಾಯ ಇವರದ್ದು! ಒಬ್ಬ ಹಿಡಿಯೋದು, ಒಬ್ಬ ಊದೋದು!" ಎಂದು ಯಾರೋ ಕೂಗಿದರು. ಒಬ್ಬರಿಬ್ಬರು ಫೋನ್ ಹಿಡಿದು ವಿಡಿಯೊ ಮಾಡಿದರು. ಅದು ಈಗಲೂ ಯಾರದೋ ಫೋನಿನಲ್ಲಿರಬೇಕು. ನಾನು ಕೇಳಲು ಹೋಗಿಲ್ಲ.

ಅಕ್ಷತೆ ಹಾಕುವವರ ಸಾಲು ಮುಗಿಯುವವರೆಗೂ ಊದಬೇಕು. ಸಾಲು ಉದ್ದವಿತ್ತು. "ಸಾಕು ಅಣ್ಣ" ಎಂದು ಅವನ ಕಿವಿಯಲ್ಲಿ ಹೇಳಿದೆ. ಅವನು ಊದುತ್ತಲೇ ಹುಬ್ಬು ಗಂಟಿಕ್ಕಿದ. ತುತ್ತೂರಿ ನಡುಗುವುದು ನನ್ನ ಕೈಗೆ ಗೊತ್ತಾಗುತ್ತಿತ್ತು, ಅವನ ಉಸಿರು ಹಿತ್ತಾಳೆಯ ಮೂಲಕ ನನ್ನ ಬೆರಳಿಗೆ ಬರುತ್ತಿತ್ತು. ಇಷ್ಟು ವರ್ಷ ಪಕ್ಕದಲ್ಲೇ ನಿಂತಿದ್ದರೂ ಅವನು ಊದುವಾಗ ಅದನ್ನು ಮುಟ್ಟಿದ್ದು ಅದೇ ಮೊದಲು. ಕೊನೆಕೊನೆಗೆ ತುಟಿಯ ಎಡಮೂಲೆಯಿಂದ ಗಾಳಿ ಸೋರತೊಡಗಿತು. ಸ್ವರ ಒಡೆಯಿತು. ಅಷ್ಟರಲ್ಲಿ ಸಾಲು ಮುಗಿದಿತ್ತು.

ಅವನು ಬಲಗೈಯಿಂದ ಮೌತ್‌ಪೀಸ್ ತಿರುಗಿಸಿ ಕಿತ್ತು, ಕೋಟಿನ ಒಳಗೆ ಕೈ ಹಾಕಿ ಅಂಗಿಯ ಜೇಬಿಗೆ ಹಾಕಿಕೊಂಡ. ಅದನ್ನು ನಾನು ಕಣ್ಣಾರೆ ನೋಡಿದೆ. ನಾನು ತುತ್ತೂರಿಯನ್ನು ಸ್ಟ್ಯಾಂಡಿಗೆ ಇಟ್ಟು ತಿರುಗುವಷ್ಟರಲ್ಲಿ ಅವನು ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದ. ಟೋಪಿ ಕಣ್ಣಿನ ಮೇಲೆ ಜಾರಿತ್ತು. ಏನೋ ಹೇಳಿದ, ಮಾತು ತೊದಲುತ್ತಿತ್ತು. ಬಗ್ಗಿ ಕಿವಿಗೊಟ್ಟೆ.

"ಸರಿ... ನಿಂತಿದ್ಯಾ?"

"ನಿಂತಿದೆ ಅಣ್ಣ" ಎಂದೆ. ತಿರುಗಿ ನೋಡದೆಯೇ ಎಂದೆ.

ಶೃಂಗೇರಿಯಲ್ಲಿ ಡಾಕ್ಟರು ಅವನ ಕೈ ಎತ್ತಿ ಬಿಟ್ಟು ನೋಡಿದರು. ಯಾವಾಗ ಶುರುವಾಯಿತು ಎಂದು ಕೇಳಿದರು, ಹೇಳಿದೆ. ಆಮೇಲೆ ಕೇಳಿದರು: "ಹಿಂದೆ ಯಾವಾಗಾದ್ರೂ ಹೀಗೆ ಕೈ ಸೋತಿತ್ತಾ? ಸ್ವಲ್ಪ ಹೊತ್ತು ಬಂದು ಹೋಗಿದ್ದೇನಾದ್ರೂ?"

ಅಣ್ಣ ಮಂಚದ ಮೇಲಿಂದ ನನ್ನನ್ನೇ ನೋಡುತ್ತಿದ್ದ.

"ಇಲ್ಲ ಸಾರ್" ಎಂದೆ.

ಅವರು ಅದನ್ನು ಚೀಟಿಯಲ್ಲಿ ಬರೆದರು. ಲಕ್ವ ಎಂದು ಹೇಳಿ ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಆಂಬುಲೆನ್ಸಿನಲ್ಲಿ ಕಳಿಸಿದರು. ಅಲ್ಲಿಯೂ ಆ ಚೀಟಿಯನ್ನೇ ಓದಿದರು. ಅಲ್ಲಾದರೂ ನಾನು ಬಾಯಿ ಬಿಡಬಹುದಿತ್ತು. ಅಷ್ಟು ಹೊತ್ತಿಗೆ ಅತ್ತಿಗೆ ಬಂದು ನನ್ನ ಪಕ್ಕದಲ್ಲಿ ನಿಂತಿದ್ದರು. ಮೂರನೇ ದಿನ ಬೆಳಗ್ಗೆ ಅಣ್ಣ ಹೋದ.

ಅಣ್ಣನ ಬಟ್ಟೆಯನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಕೊಟ್ಟರು. ಕೆಂಪು ಕೋಟು, ಅಂಗಿ, ಬೆಲ್ಟು, ಗಡಿಯಾರ. ಅಂಗಿಯ ಜೇಬು ಖಾಲಿ ಇತ್ತು.

ಎನ್.ಆರ್.ಪುರಕ್ಕೆ ಬಂದಾಗ ತುತ್ತೂರಿ ನಮಗಿಂತ ಮೊದಲೇ ಅಣ್ಣನ ಮನೆಯಲ್ಲಿತ್ತು. ಡೋಲಿನವನು ತಂದಿದ್ದ. "ಆ ಸ್ಟ್ಯಾಂಡ್ ಮಡಚಕ್ಕೆ ಬರ್ಲಿಲ್ಲ ಮಾರಾಯ. ಮುರೀತೇನೋ ಅಂತ ಹೆದರಿಕೆ ಆಯ್ತು. ಹಂಗೇ ಸೀಟಿನ ಮೇಲೆ ನಿಲ್ಲಿಸಿ, ಕೈಯಲ್ಲಿ ಹಿಡ್ಕೊಂಡೇ ಬಂದೆ" ಎಂದ. ಶೃಂಗೇರಿಯಿಂದ ಕೊಪ್ಪದ ಮೇಲೆ ಅಷ್ಟು ತಿರುವಿನ ದಾರಿಯಲ್ಲಿ ಅದನ್ನು ಹಿಡಿದುಕೊಂಡೇ ಬಂದಿದ್ದ. ಹಿಡಿದದ್ದು ಯಾವ ಕೈಯಲ್ಲಿ ಎಂದು ಕೇಳಬೇಕೆನಿಸಿತು.

ಅದನ್ನು ಅಣ್ಣನ ಫೋಟೊದ ಪಕ್ಕ ಒಂದು ಸ್ಟೂಲಿನ ಮೇಲೆ ನಿಲ್ಲಿಸಿದ್ದರು. ಯಾರೋ ಅದಕ್ಕೂ ಒಂದು ಹೂವಿನ ಹಾರ ಹಾಕಿದ್ದರು. ಒಳಗೆ ಕಾಲಿಟ್ಟ ಕೂಡಲೇ ನನಗೆ ಕಂಡಿತು. ಐದು ಕಾಲುಗಳಲ್ಲಿ ಒಂದನ್ನು ಪೂರ್ತಿ ಅಗಲಿಸಿರಲಿಲ್ಲ. ಟಕ್ ಎಂದಿರಲೇ ಇಲ್ಲ. ಧಾರೆಯ ಹೊತ್ತಿನಲ್ಲಿ ಅಣ್ಣ ಬಿಡಿಸಿದ್ದು ಅರ್ಧಕ್ಕೇ ನಿಂತಿತ್ತು; ಕೊನೆಯ ಕಾಲನ್ನು ಅವನು ಯಾವಾಗಲೂ ಎಡಗೈಯಿಂದಲೇ ಅಗಲಿಸುತ್ತಿದ್ದುದು. ಅಂದರೆ ಅವನು ತೊಡೆಯ ಪಕ್ಕ ಕೈ ಜೋತು ಬಿಡುವುದಕ್ಕೂ ಮೊದಲೇ, ಸ್ಟ್ಯಾಂಡ್ ಬಿಡಿಸುವಾಗಲೇ ಕೈ ಹೋಗಿತ್ತು. ಡಾಕ್ಟರಿಗೆ ನಾನು ಹೇಳಿದ ಹೊತ್ತೂ ತಪ್ಪು.

ಸರಿ ಮಾಡಲು ಕೈ ಚಾಚಿದೆ. "ಮುಟ್ಬೇಡ" ಎಂದರು ಅಲ್ಲಿದ್ದ ಹಿರಿಯರೊಬ್ಬರು. "ಸೂತಕದಲ್ಲಿ ವಾದ್ಯ ಮುಟ್ಟಬಾರ್ದು. ಕಳೀಲಿ." ಸೂತಕ ಕಳೆಯುವವರೆಗೂ ಅದು ಹಾಗೆಯೇ ನಾಲ್ಕೂವರೆ ಕಾಲಿನ ಮೇಲೆ ನಿಂತಿತು. ಮನೆ ರಸ್ತೆಯ ಪಕ್ಕದಲ್ಲಿದೆ. ಲಾರಿ ಹೋದಾಗಲೆಲ್ಲ ಸ್ಟೂಲು ಸಣ್ಣಗೆ ನಡುಗುತ್ತಿತ್ತು. ಬಂದವರೆಲ್ಲ ಫೋಟೊ ನೋಡುತ್ತಿದ್ದರು, ನಾನು ಆ ಒಂದು ಕಾಲು ನೋಡುತ್ತಿದ್ದೆ. ಬೀಳುತ್ತದೆ, ಈಗ ಬೀಳುತ್ತದೆ ಎಂದು ಅದರ ಹತ್ತಿರವೇ ಗೋಡೆಗೆ ಒರಗಿ ಕೂತಿರುತ್ತಿದ್ದೆ. ಅಣ್ಣನ ಮೇಲೆ ಎಂಥ ಪ್ರೀತಿ, ತುತ್ತೂರಿ ಬಿಟ್ಟು ಅಲ್ಲಾಡುವುದಿಲ್ಲ ಎಂದು ನೆಂಟರು ಅಂದರು.

ಅದು ಬೀಳಲಿಲ್ಲ. ಸೂತಕ ಕಳೆದ ದಿನ ಎಲ್ಲರೂ ಊಟಕ್ಕೆ ಕೂತಾಗ ನಾನು ಒಬ್ಬನೇ ಹೋಗಿ ಆ ಕಾಲನ್ನು ಅಗಲಿಸಿದೆ. ಟಕ್ ಎಂದಿತು. ಹಿಂದೆ ಅತ್ತಿಗೆ ನಿಂತಿದ್ದರು.

"ಇದನ್ನ ಎಂತಕ್ಕೆ ತಂದದ್ದು?" ಎಂದು ಕೇಳಿದರು.

ಕುರ್ಚಿಯ ಮೇಲೆ ಯಾರೋ ಕೂತ ಕಥೆ ಬಾಯಿಗೆ ಬಂತು. ಅಷ್ಟೂ ಸಲ ಹೇಳಿ ಅಭ್ಯಾಸವಾಗಿತ್ತು. ಹೇಳಿದೆ.

"ಅದು ಗೊತ್ತು. ಮೂವತ್ತು ವರ್ಷ ಇದಿಲ್ದೇ ಊದಿದಾರೆ. ಎಂತಕ್ಕೆ ತಂದದ್ದು ಹೇಳು."

ಎಲ್ಲವನ್ನೂ ಹೇಳಿದೆ. ಕಡಹಿನಬೈಲು, ಜೋಮು, ಕೊಟ್ಟ ಮಾತು, ಡಾಕ್ಟರು ಕೇಳಿದ್ದು, ನಾನು ಇಲ್ಲ ಎಂದದ್ದು. ಅವರು ಅಳಲಿಲ್ಲ. ಮಧ್ಯೆ ಒಂದೇ ಒಂದು ಸಲ ಕೇಳಿದರು.

"ಎಷ್ಟು ಸಲ ಬಂದಿತ್ತು?"

"ನಂಗೆ ಗೊತ್ತಿದ್ದ ಹಂಗೆ ಆರು."

"ಆರು ಸಲ" ಎಂದರು. "ಒಂದು ಸಲ ನಂಗೆ ಹೇಳಿದ್ರೆ ಅವತ್ತೇ ಕೈ ಹಿಡ್ದು ಎಳ್ಕೊಂಡು ಹೋಗ್ತಿದ್ದೆ. ಮದುವೆ ಇರ್ಲಿ, ಅದರಪ್ಪನ ಮನೆದು ಇರ್ಲಿ."

ಬಡಿಸುವವರು ಕರೆದರು, ಒಳಗೆ ಹೋದರು. ಆಮೇಲೆ ಒಂದೂವರೆ ತಿಂಗಳು ಅವರು ನನ್ನ ಜೊತೆ ಮಾತಾಡಲಿಲ್ಲ. ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಅವರು ಮಾಡಿದ್ದು ಸರಿ. ಡಾಕ್ಟರಿಗೆ ನಿಜ ಹೇಳಿದ್ದರೆ ಅಣ್ಣ ಉಳಿಯುತ್ತಿದ್ದನೇ ಎಂದು ಕೊಪ್ಪದಲ್ಲಿ ನನಗೆ ಗೊತ್ತಿದ್ದ ಒಬ್ಬ ಕಾಂಪೌಂಡರನ್ನು ಕೇಳಿದೆ. "ಅದು ಹೇಳಕ್ಕಾಗಲ್ಲ" ಎಂದರು. ಉಳಿಯುತ್ತಿದ್ದ ಎಂದಿದ್ದರೂ, ಉಳಿಯುತ್ತಿರಲಿಲ್ಲ ಎಂದಿದ್ದರೂ ನಾನು ಎಲ್ಲಾದರೂ ಒಂದು ಕಡೆ ನಿಲ್ಲುತ್ತಿದ್ದೆ.

ಆ ಒಂದೂವರೆ ತಿಂಗಳು ಮೌತ್‌ಪೀಸ್ ಹುಡುಕಿದೆ. ಮೆಣಸೆಯ ಸಭಾಭವನಕ್ಕೆ ಹೋಗಿ ನಾವು ನಿಂತಿದ್ದ ಮೂಲೆಯಲ್ಲಿ ಜಮಖಾನ ಎತ್ತಿ ನೋಡಿದೆ. ಕಸ ಗುಡಿಸುವ ಹೆಂಗಸು, "ಪಿತ್ತಾಳೆದಾ? ಸಿಕ್ಕಿದ್ರೆ ನಾನು ಕೊಡದೇ ಇರ್ತಿದ್ನಾ?" ಎಂದು ತಾವೂ ನನ್ನ ಜೊತೆ ಬಗ್ಗಿ ಹುಡುಕಿದರು. ಆಂಬುಲೆನ್ಸಿನ ಡ್ರೈವರು ಸೀಟಿನ ಅಡಿಗೆಲ್ಲ ಟಾರ್ಚ್ ಬಿಟ್ಟು ತೋರಿಸಿದ. ಘಟ್ಟದ ಕೆಳಗೂ ಹೋಗಿ ಕೇಳಿ ಬಂದೆ. ಆ ಗಡಿಬಿಡಿಯಲ್ಲಿ ಅಂಗಿ ಬಿಚ್ಚಿದ್ದು ಎಲ್ಲಿ ಎಂದೇ ಯಾರಿಗೂ ನೆನಪಿಲ್ಲ. ಅದು ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು, ಎಲ್ಲಿ ಬೇಕಾದರೂ ಉರುಳಿ ಹೋಗಬಹುದು.

ಒಂದು ಭಾನುವಾರ ಅತ್ತಿಗೆಯೇ ಫೋನ್ ಮಾಡಿ ಬಾ ಎಂದರು. ಹೋದೆ. ತುತ್ತೂರಿಯ ಹಾರ ತೆಗೆದು ಒರೆಸಿದ್ದರು.

"ಇದನ್ನ ಮಡಚದು, ಬಿಡಿಸದು ಹೆಂಗೆ ತೋರಿಸು."

ತೋರಿಸಿದೆ. ಅವರು ಮಾಡಿದರು. ಮೊದಲ ಸಲ ಒಂದು ಕಾಲು ಅರ್ಧಕ್ಕೇ ನಿಂತಿತು. ಟಕ್ ಅನ್ನಬೇಕು ಎಂದೆ. ಇನ್ನೊಂದು ಸಲ ಮಾಡಿದರು. ಐದೂ ಸರಿಯಾಗಿ ನಿಂತ ಮೇಲೆ ತುತ್ತೂರಿಯನ್ನು ತಾವೇ ಅದರ ಮೇಲೆ ನಿಲ್ಲಿಸಿ, ಹಿಂದೆ ಸರಿದು ನಿಂತು ನನಗೆ ಹೇಳಿದರು: "ಈಗ ಎತ್ತು. ಎಡಗೈಯಲ್ಲಿ."

ನನಗೆ ಅರ್ಥವಾಗಲಿಲ್ಲ.

"ಎತ್ತಾ ಮಾರಾಯ. ಅವರು ಹಿಡಿತಿದ್ದ ಹಂಗೆ ಹಿಡಿ. ನಾನು ಸಾಕು ಅನ್ನೋವರೆಗೂ ಇಳಿಸ್ಬೇಡ."

ಎತ್ತಿದೆ. ಬಾಯಿಯ ಎತ್ತರಕ್ಕೆ ಹಿಡಿದೆ. ಅವರು ಬಾಗಿಲ ಹತ್ತಿರ ಕೂತು ನನ್ನ ಕೈಯನ್ನೇ ನೋಡಿದರು. ಗೋಡೆಯ ಗಡಿಯಾರದಲ್ಲಿ ಐದು ನಿಮಿಷ ಕಳೆಯಿತು. ತೋಳು ನೋಯತೊಡಗಿತು, ನಡುಗಿತು. "ನೋವಾ, ಜೋಮಾ?" ಎಂದು ಕೇಳಿದರು. "ನೋವು" ಎಂದೆ. "ನೋವಾದ್ರೆ ಅಡ್ಡಿಲ್ಲ" ಎಂದು ಇನ್ನೂ ಸ್ವಲ್ಪ ಹೊತ್ತು ಹಿಡಿಸಿ, "ಸಾಕು" ಎಂದರು. ಇಳಿಸಿದೆ. ಕಾಫಿ ಕೊಟ್ಟರು. 

ಈಗ ಪ್ರತಿ ಭಾನುವಾರ ಹೀಗೆ ನಡೆಯುತ್ತದೆ. ಕೊಪ್ಪದಿಂದ ಹೊರಡುವಾಗಲೇ ಆಟೊದ ಹ್ಯಾಂಡಲ್ ಹಿಡಿದ ಎಡಗೈಯ ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜಿ ನೋಡಿಕೊಳ್ಳುತ್ತೇನೆ. ಒಂದು ದಿನ ಎತ್ತಲಾಗದಿದ್ದರೆ ಅವರು ಏನು ಮಾಡುತ್ತಾರೆಂದು ಗೊತ್ತಿದೆ, ಅಂಗಳದಲ್ಲಿ ನಿಂತ ನನ್ನ ಆಟೊವನ್ನೇ ಬಿಟ್ಟು ಬೇರೆ ಗಾಡಿ ಕರೆಸಿ ನನ್ನನ್ನು ಆಸ್ಪತ್ರೆಗೆಂದು ಹತ್ತಿಸುತ್ತಾರೆ. ಅವರೇ ಹಟ ಹಿಡಿದು ನನ್ನ ಬಿ.ಪಿ. ನೋಡಿಸಿದ್ದಾರೆ, ಮಾತ್ರೆ ತಗೊಂಡೆಯಾ ಎಂದು ಕೇಳುತ್ತಾರೆ. ನನ್ನನ್ನು ಕ್ಷಮಿಸಿದ್ದಾರೆ ಎಂದು ಇದಕ್ಕೆ ಅರ್ಥವಲ್ಲ. ನಾನೂ ಹಾಗೆ ತಿಳಿದಿಲ್ಲ.

ಬ್ಯಾಂಡಿಗೆ ಬೇರೆ ಊರಿನ ಒಬ್ಬರು ತುತ್ತೂರಿಗೆ ಬರುತ್ತಾರೆ, ಅವರದೇ ವಾದ್ಯ ತರುತ್ತಾರೆ. ಕುರ್ಚಿಯ ಮೇಲೆ ಇಡುತ್ತಾರೆ. ನಾನು ಡ್ರಮ್ ಬಾರಿಸುತ್ತೇನೆ. ಅಣ್ಣನದಕ್ಕೆ ಹೊಸ ಮೌತ್‌ಪೀಸ್ ತರಿಸಿ ಹಾಕೋಣ, ಫೋನಿನಲ್ಲಿ ಸಿಗುತ್ತದೆ ಎಂದು ಡೋಲಿನವನು ಹೇಳಿದ. ಅತ್ತಿಗೆಯನ್ನು ಕೇಳಿದೆ. "ಬೇಡ. ಬೇರೆದು ಎಂತಕ್ಕೆ?" ಎಂದರು.

ಕಳೆದ ಭಾನುವಾರವೂ ಎತ್ತಿ ಹಿಡಿದೆ. ಸ್ಟ್ಯಾಂಡು ಐದೂ ಕಾಲಿನ ಮೇಲೆ ಸರಿಯಾಗಿ ನಿಂತಿತ್ತು. ತುತ್ತೂರಿಯ ತುದಿ ನನ್ನ ತುಟಿಯ ಹತ್ತಿರ ಬಂದು ಖಾಲಿಯಾಗಿ ನಿಂತಿತು. ಮೌತ್‌ಪೀಸ್ ಇನ್ನೂ ಸಿಕ್ಕಿಲ್ಲ.